ಅಕ್ಕನಿಗೆ ದನಿ, ತಮ್ಮನಿಗೆ ಮೌನ

ಕುಮಟಾ ಬಸ್ಸಿನಲ್ಲಿ ಸಿಕ್ಕವರು, ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕೂತವರು, ಎಲ್ಲರೂ ಕೇಳುವುದು ಒಂದೇ. "ಹೌದಾ, ಮನೇಲೇ ಕಲಿಸ್ತೀರಂತೆ? ಇಬ್ಬರಿಗೂ ಒಟ್ಟಿಗೇನಾ?" ಒಟ್ಟಿಗೆ ಅಲ್ಲ ಅನ್ನುವುದೇ ನನ್ನ ಉತ್ತರ. ನಮ್ಮ ಮನೆಯಲ್ಲಿ ಏನು ಕಲಿಸಬೇಕು ಎಂಬುದಕ್ಕಿಂತ ಜಾಸ್ತಿ ತಲೆ ಓಡುವುದು ಯಾರನ್ನು ಯಾವ ಹೊತ್ತಿಗೆ ಎಲ್ಲಿ ಕೂರಿಸಬೇಕು ಎಂಬುದಕ್ಕೆ.

ಮಗಳಿಗೆ 13 ವರ್ಷ. ಡಿಸ್ಲೆಕ್ಸಿಯಾ ಇದೆ, ಅಂದರೆ ಅಕ್ಷರ ಹಿಡಿದು ಓದುವುದು ಕಷ್ಟ. ಮಗನಿಗೆ 9. ಅವನಿಗೆ ಆಟಿಸಂ. ಅವಳು ಓದಬೇಕಾದರೆ ಗಟ್ಟಿಯಾಗಿಯೇ ಓದಬೇಕು. ಅಕ್ಷರ ಬಾಯಲ್ಲಿ ಆಡಿ, ಕಿವಿಗೆ ಬಿದ್ದು, ಕೈಯಲ್ಲಿ ತಿದ್ದಿದ ಮೇಲೆಯೇ ಅದು ಒಳಗೆ ಇಳಿಯುವುದು. ಅವನಿಗೆ ಅದೇ ದನಿ ತಡೆಯಲು ಆಗುವುದಿಲ್ಲ. ಅಕ್ಕ "ಕ, ಕಾ, ಕಿ, ಕೀ" ಎಂದು ಶುರು ಮಾಡಿದರೆ ಎರಡೂ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾನೆ. ಹಟವಲ್ಲ ಅದು, ನಿಜವಾಗಿ ನೋಯುತ್ತದೆ ಅವನಿಗೆ. ಅವನಿಗಾಗಿ ಮನೆಯನ್ನು ಸದ್ದಿಲ್ಲದೆ ಇಟ್ಟರೆ ಅವಳ ಓದು ನಿಂತೇ ಹೋಗುತ್ತದೆ. ಒಬ್ಬರ ಮದ್ದು ಇನ್ನೊಬ್ಬರಿಗೆ ಕಷ್ಟ. ಮನೆಯಲ್ಲಿ ಕಲಿಸುವುದರ ಬಗ್ಗೆ ನಾನು ಹುಡುಕಿ ಓದಿದ ಕಡೆಯೆಲ್ಲ ಯಾವ ಪಠ್ಯ, ಯಾವ ಪುಸ್ತಕ, ದಿನಕ್ಕೆ ಎಷ್ಟು ಹೊತ್ತು ಎಂಬ ಮಾತೇ ಇತ್ತು. ಈ ಒಂದು ವಿಷಯ ಎಲ್ಲೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆ ಬಿಡಿಸಿದ್ದು ಶಾಲೆಯ ಮೇಲಿನ ಸಿಟ್ಟಿಗೆ ಅಲ್ಲ. ಮಗಳು ಒಂದರಿಂದ ಮೂರನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಖುಷಿಯಾಗಿಯೇ ಇದ್ದಳು. ಅಲ್ಲಿ ನಲಿ-ಕಲಿ ಇತ್ತು. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ಪದ್ಧತಿ ಅದು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಗೋಡೆ ಮೇಲೆ ಕಲಿಕಾ ಏಣಿ. ಪ್ರತಿ ಮಗು ತನ್ನ ಮೆಟ್ಟಿಲು ಎಲ್ಲಿದೆಯೋ ಅಲ್ಲಿಂದ ಕಾರ್ಡು ತೆಗೆದುಕೊಂಡು ಮುಂದೆ ಹೋಗುತ್ತದೆ. ಹಿಂದೆ ಉಳಿದವರು ಎಂಬ ಹೆಸರೇ ಇಲ್ಲ. ನನ್ನ ಮಗಳು ಆ ಏಣಿಯಲ್ಲಿ ನಿಧಾನಕ್ಕೆ ಹತ್ತುತ್ತಿದ್ದಳು, ಹತ್ತುತ್ತಿರುವುದು ಅವಳಿಗೂ ಗೊತ್ತಿತ್ತು. ನಾಲ್ಕನೇ ತರಗತಿಗೆ ಬಂದದ್ದೇ ತಡ, ಏಣಿ ಇಲ್ಲ. ಎಲ್ಲರ ಕೈಲೂ ಒಂದೇ ಪುಸ್ತಕ, ಎಲ್ಲರೂ ಒಂದೇ ಪುಟ, ಎದ್ದು ನಿಂತು ಓದಬೇಕು. ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಭಾನುವಾರ ಮಾತ್ರ ಇರುತ್ತಿರಲಿಲ್ಲ. ಟೀಚರು ಒಳ್ಳೆಯವರೇ. ಎರಡು ತರಗತಿ ಒಬ್ಬರೇ ನೋಡಿಕೊಳ್ಳುವವರು ಒಂದು ಮಗುವಿನ ಪಕ್ಕ ಎಷ್ಟು ಹೊತ್ತು ಕೂರಲಿಕ್ಕೆ ಆಗುತ್ತದೆ?

ಮಂಗಳೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆವು. 8 ವರ್ಷ ತುಂಬಿದ ಮೇಲಷ್ಟೇ ಡಿಸ್ಲೆಕ್ಸಿಯಾ ಇದೆ ಎಂಬ ಪ್ರಮಾಣಪತ್ರ ಕೊಡುತ್ತಾರೆ ಎಂಬುದು ಅಲ್ಲಿ ಗೊತ್ತಾಯಿತು. ಅದಕ್ಕೆ ಕಾರಣವೂ ಇದೆ. ಸಣ್ಣ ವಯಸ್ಸಿನಲ್ಲಿ ತಡವಾಗಿ ಓದುವ ಮಕ್ಕಳು ಎಷ್ಟೋ ಜನ. ಅವರಲ್ಲಿ ಯಾರದು ಬರೀ ತಡ, ಯಾರದು ತೊಂದರೆ ಎಂದು ಅಷ್ಟು ಬೇಗ ಹೇಳಲು ಆಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಡಿಸ್ಲೆಕ್ಸಿಯಾ ಸೇರುವ ಕಲಿಕೆಯ ನಿರ್ದಿಷ್ಟ ತೊಂದರೆ ಅದರಲ್ಲಿ ಇದೆ, ಆಟಿಸಂ ಕೂಡ ಇದೆ. ಹಾಗಾಗಿ ನನ್ನ ಇಬ್ಬರು ಮಕ್ಕಳೂ ಒಂದೇ ಪಟ್ಟಿಯಲ್ಲಿದ್ದಾರೆ. ಮನೆಯೊಳಗೆ ಮಾತ್ರ ಒಬ್ಬರಿಗೊಬ್ಬರು ಪೂರ್ತಿ ಉಲ್ಟಾ.

ಮಗನ ಕತೆ ಬೇರೆ. ಅವನು ಯಾರೂ ಕಲಿಸದೆ ಓದಲು ಕಲಿತ. ಅಕ್ಕಿ ಚೀಲ, ಔಷಧಿ ಡಬ್ಬಿ, ಕ್ಯಾಲೆಂಡರ್ ಹಿಂದಿನ ಪುಟ, ಏನು ಸಿಕ್ಕರೂ ಓದಿದ. ಶಾಲೆಯಲ್ಲಿ ಬಿಸಿಯೂಟದ ತಟ್ಟೆಗಳ ಸದ್ದು, ಗಂಟೆ, ನೂರು ಮಕ್ಕಳ ಗಲಾಟೆ ತಡೆಯಲಾರದೆ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದ. ದಿನದ ಕೊನೆಗೆ ಮನೆಗೆ ಬಂದರೆ ಮಾತೇ ಇಲ್ಲ. ಒಂದು ಶಾಲೆಯವರು ಅರ್ಧ ದಿನ ಕಳಿಸಿ ಎಂದರು. ಆಮೇಲೆ ಅದೂ ಬೇಡ ಎಂದರು. ಅಕ್ಕ ಆಗಲೇ ಮನೆಯಲ್ಲಿದ್ದಳು, ಇವನೂ ಮನೆಗೆ ಬಂದ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಕೇಳುವವರು ಜಾಸ್ತಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಹಕ್ಕು ಕೊಟ್ಟಿದೆ. ಮನೆಯಲ್ಲೇ ಕಲಿಸುವ ವಿಷಯ ಅದರಲ್ಲಿ ಬರುವುದಿಲ್ಲ. ಹಾಗಾಗಿ ನಮ್ಮಂಥವರೆಲ್ಲ ಪರೀಕ್ಷೆಗೆ ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟುವವರೂ ಇದ್ದಾರೆ. ಶಾಲೆಯಲ್ಲಿ ಹೆಸರು ಇಟ್ಟುಕೊಂಡೇ ಮನೆಯಲ್ಲಿ ಸಹಾಯ ಬೇಕು ಅನ್ನುವವರು ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಯಾರು ಎಂದು ಕೇಳಿ. ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು ಅವರು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ. ಈ ಹೆಸರು ಎಷ್ಟೋ ತಂದೆತಾಯಿಗೆ ಗೊತ್ತೇ ಇರುವುದಿಲ್ಲ.

ಈಗ ಓದಿನ ವಿಷಯ. ಡಿಸ್ಲೆಕ್ಸಿಯಾ ಅಂದರೆ ಅಕ್ಷರ ತಲೆಕೆಳಗಾಗಿ ಕಾಣುವುದು ಎಂದು ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ. ಕನ್ನಡಕ ಹಾಕಿಸಿ ಎಂದವರೂ ಇದ್ದಾರೆ. ತೊಂದರೆ ಕಣ್ಣಿನದಲ್ಲ. ಕೇಳಿದ ಮಾತನ್ನು ಸಣ್ಣ ಸಣ್ಣ ಸದ್ದುಗಳಾಗಿ ಒಡೆದು, ಒಂದೊಂದು ಸದ್ದನ್ನೂ ಒಂದೊಂದು ಗುರುತಿಗೆ ಜೋಡಿಸುವ ಕೆಲಸ ಇದೆಯಲ್ಲ, ಅಲ್ಲಿ ತೊಡಕು. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ, ಇಂಗ್ಲಿಷಿನ ಹಾಗೆ ಕಾಟ ಇಲ್ಲ ಅನ್ನುತ್ತಾರೆ. ಅದು ನಿಜ, ಆದರೆ ಅರ್ಧ ನಿಜ. ವರ್ಣಮಾಲೆಯ ಅಕ್ಷರ 49. ಅದರಲ್ಲಿ ವ್ಯಂಜನ 34. ಅದರಲ್ಲಿ ಒಂದೊಂದಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಮಗು ಗುರುತು ಹಿಡಿಯಬೇಕಾದ ಆಕಾರಗಳು ನೂರಾರು. ಒತ್ತುಗಳಲ್ಲಿ ಬಹಳಷ್ಟು ಮೂಲ ಅಕ್ಷರವನ್ನೇ ಹೋಲುತ್ತವೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ನೋಡಿ. ಮೂಲ ಅಕ್ಷರಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ನಾವು ದಿನಾ ಆಡುವ ಮಾತಿನಲ್ಲಿ ಜಾಸ್ತಿ ಬರುವ ಒತ್ತುಗಳೂ ಇವೇ. ಅಮ್ಮ, ಅಣ್ಣ, ಬೆಲ್ಲ, ಹತ್ತು, ನನ್ನ. ಇವುಗಳಲ್ಲಿ ಅಣ್ಣನ ಒತ್ತು ಒಂದೇ ಅವಳಿಗೆ ಸುಲಭವಾಗಿ ಸಿಕ್ಕಿದ್ದು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕಂಡದ್ದು. ನಮ್ಮನೆಯವರಿಗೆ ಕುಮಟಾದ ಸೊಸೈಟಿಯಲ್ಲಿ ಕೆಲಸ. ಶನಿವಾರ ಮಗಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಸ್ಟ್ಯಾಂಡಿನಲ್ಲಿ ಕೂತು ಬಸ್ಸಿನ ಬೋರ್ಡು ಓದಿಸುವುದು ಅವರದೇ ಯೋಚನೆ. ಅಕ್ಷರ ದೊಡ್ಡದು, ಪದ ಒಂದೇ, ಬಸ್ಸು ಹೊರಡುವವರೆಗೆ ಸಮಯ ಇದೆ, ಊರಿನ ಹೆಸರು ಮೊದಲೇ ಗೊತ್ತು. ಮೊದಲು ಶಿರಸಿ, ಕಾರವಾರ. ಒತ್ತೇ ಇಲ್ಲ. ಆಮೇಲೆ ಅಂಕೋಲಾ, ಸೊನ್ನೆ ಸೇರಿತು. ಸಿದ್ದಾಪುರ, ಒತ್ತು ಬಂತು, ಆದರೆ ದ ಕೆಳಗೆ ದ ಇದ್ದ ಹಾಗೇ ಇದೆ. ಹೊನ್ನಾವರ, ಯಲ್ಲಾಪುರ, ಈಗ ಒತ್ತಿನ ವೇಷ ಬದಲು. ಭಟ್ಕಳ, ಮೇಲೊಂದು ಅಕ್ಷರ ಕೆಳಗೊಂದು ಅಕ್ಷರ.

ಗೋಕರ್ಣದ ಹತ್ತಿರ ನಿಂತಳು. ತುಂಬಾ ದಿನ ನಿಂತಳು. "ಗೋ... ಕ... ಣ... ರ." ಕಣ್ಣಿಗೆ ಕಂಡ ಸಾಲಿನಲ್ಲೇ ಓದಿದ್ದಾಳೆ, ಅವಳದು ಏನು ತಪ್ಪು? ಅರ್ಕಾವತ್ತಿನಲ್ಲಿ ರ್ ಸದ್ದು ಣ ಗಿಂತ ಮೊದಲು ಬರುತ್ತದೆ, ಗುರುತು ಮಾತ್ರ ಣ ಆದ ಮೇಲೆ. ಸದ್ದಿನ ಸಾಲು ಒಂದು, ಬರಹದ ಸಾಲು ಇನ್ನೊಂದು. ಅದನ್ನು ನಾವೆಲ್ಲ ಯಾವಾಗಲೋ ಅಭ್ಯಾಸದ ಮೇಲೆ ದಾಟಿಬಿಟ್ಟಿದ್ದೇವೆ, ಹಾಗಾಗಿ ಅಲ್ಲಿ ಒಂದು ಗುಂಡಿ ಇದೆ ಎಂಬುದೇ ನೆನಪಿಲ್ಲ. ಅವಳಿಗೆ ರಟ್ಟಿನ ತುಂಡುಗಳಲ್ಲಿ ಬರೆದುಕೊಟ್ಟೆ. ಅರ್ಕಾವತ್ತಿನ ತುಂಡು ಮಾತ್ರ ಕೆಂಪು. ಕೆಂಪು ಕಂಡರೆ ಒಂದು ಹೆಜ್ಜೆ ಹಿಂದೆ ಹೋಗಿ ಅದನ್ನು ಮೊದಲು ಹೇಳು ಎಂದೆ. ಬೆರಳಿಟ್ಟು, ಹಿಂದೆ ಜರುಗಿಸಿ, ಗಟ್ಟಿಯಾಗಿ ಹೇಳಿ, ಮರಳಿನ ತಟ್ಟೆಯಲ್ಲಿ ಬರೆದು. ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ದುಡಿಸುವ ಈ ಕ್ರಮಕ್ಕೆ ದೊಡ್ಡ ಚರಿತ್ರೆಯೇ ಇದೆ. ಅಮೆರಿಕದಲ್ಲಿ ಆರ್ಟನ್ ಎಂಬ ವೈದ್ಯ, ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ 1930ರ ದಶಕದಲ್ಲೇ ಇದನ್ನು ಕಟ್ಟಿದರು. ಅವರು ಕಟ್ಟಿದ್ದು ಇಂಗ್ಲಿಷಿಗೆ. ಕನ್ನಡಕ್ಕೆ ಒಗ್ಗಿಸುವ ಕೆಲಸ ಮನೆಮನೆಯಲ್ಲಿ ನಾವೇ ಮಾಡಿಕೊಳ್ಳಬೇಕಾಗಿದೆ. ಇದು ನನಗೆ ಬೇಸರ. ಒತ್ತಕ್ಷರವನ್ನು ಯಾವ ಕ್ರಮದಲ್ಲಿ ಕಲಿಸಬೇಕು, ಯಾವುದು ಮೊದಲು, ಯಾವುದು ಕೊನೆಗೆ, ಇದು ಪ್ರತಿ ಪ್ರಾಥಮಿಕ ಶಾಲೆಯ ಟೀಚರ ಕೈಲಿ ಇರಬೇಕಾದ ವಿಷಯ ಅಲ್ವಾ?

ಈಗ ಮುರ್ಡೇಶ್ವರವನ್ನೂ ಓದುತ್ತಾಳೆ. ಅರ್ಕಾವತ್ತೂ ಇದೆ, ವ ಒತ್ತೂ ಇದೆ. ಓದಿ ಆದ ಮೇಲೆ ಅಪ್ಪನ ಮುಖ ನೋಡುತ್ತಾಳೆ.

ಬೋರ್ಡು ಓದಲು ಬಸ್ ಸ್ಟ್ಯಾಂಡೇ ಯಾಕೆ ಒಳ್ಳೆಯದು ಅಂದರೆ, ಅಲ್ಲಿ ಅವಳು ಎಷ್ಟು ಗಟ್ಟಿಯಾಗಿ ಓದಿದರೂ ತಮ್ಮನಿಗೆ ಕೇಳಿಸುವುದಿಲ್ಲ. ಅದೇ ಹೊತ್ತಿಗೆ ಮನೆ ಪೂರ್ತಿ ಅವನದು. ಮನೆಶಾಲೆ ಎಂಬ ಹೆಸರೇ ಇದ್ದರೂ ನಮ್ಮದು ಮನೆಯೊಳಗೆ ನಡೆಯುವುದು ಕಡಿಮೆ. ಮನೆಯ ನಾಲ್ಕು ಗೋಡೆ ಸಾಲಲಿಲ್ಲ. ಊರು ಬೇಕಾಯಿತು.

ಮಗಳು ಯಕ್ಷಗಾನದ ತಾಳ ಕಲಿಯಲು ಹೋಗುತ್ತಾಳೆ. ನಮ್ಮದು ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಬಡಗು ಶೈಲಿಯ ಸೀಮೆ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆಯವರ ಇಡಗುಂಜಿ ಮೇಳ 1934ರಿಂದ ಇದೆ. ಯಕ್ಷಗಾನದ ಆಟ ನೋಡದೆ ಬೆಳೆದ ಮಕ್ಕಳು ಇಲ್ಲಿ ಕಡಿಮೆ. ಓದಲು ತಡವರಿಸುವ ಹುಡುಗಿ ಪ್ರಸಂಗದ ಪದ್ಯ ಕೇಳಿ ಕೇಳಿ ಬಾಯಿಪಾಠ ಮಾಡಿಬಿಡುತ್ತಾಳೆ. ತಾಳಮದ್ದಲೆಯ ಅರ್ಥ, ಅಂದರೆ ವೇಷ ಇಲ್ಲದೆ ಕೂತು ಆಡುವ ಪಾತ್ರದ ಮಾತು ನೋಡಿ, ಕಾಗದ ಹಿಡಿಯದೆ ಗಂಟೆಗಟ್ಟಲೆ ಮಾತಾಡುತ್ತಾರೆ. ಅಕ್ಷರ ಬಾರದವರೂ ದೊಡ್ಡ ಅರ್ಥಧಾರಿಗಳ ಮಾತು ತೂಗಿ ಹೇಳುವ ನಾಡು ಇದು. ಕಿವಿಯಿಂದ ಕಲಿತವರಿಗೆ ಇಲ್ಲಿ ಯಾವತ್ತೂ ಮರ್ಯಾದೆ ಇತ್ತು. ಶಾಲೆಯಲ್ಲಿ ಮಾತ್ರ ಅದಕ್ಕೆ ಅಂಕ ಇಲ್ಲ.

ಗಣಿತದ ಲ.ಸಾ.ಅ. ಅವಳಿಗೆ ಹತ್ತಿದ್ದು ತಾಳದಿಂದಲೇ. ಪುಸ್ತಕದಲ್ಲಿ ಎಷ್ಟು ಸಲ ಭಾಗಿಸಿ ತೋರಿಸಿದರೂ ಮಾರನೇ ದಿನ ಮರೆತಿರುತ್ತಿತ್ತು. ಒಂದು ಸಂಜೆ ಜಗಲಿಯಲ್ಲಿ ಅವಳು ರೂಪಕ ತಾಳ ಹಾಕುತ್ತಿದ್ದಳು, ಆರು ಅಕ್ಷರ, ಅಂದರೆ ಸುತ್ತಿಗೆ ಆರು ಎಣಿಕೆ. ನಾನು ಝಂಪೆ ಹಾಕುತ್ತೇನೆ ಎಂದೆ, ಹತ್ತು ಅಕ್ಷರ. ಇಬ್ಬರೂ ಒಟ್ಟಿಗೆ ಶುರು ಮಾಡಿದೆವು. ಅವಳ ಮೊದಲ ಪೆಟ್ಟು ನನ್ನ ನಡುವೆ ಬೀಳುತ್ತದೆ, ನನ್ನದು ಅವಳ ನಡುವೆ. ಒಂದು ಕಡೆ ಮಾತ್ರ ಎರಡೂ ಪೆಟ್ಟು ಒಟ್ಟಿಗೆ ಬಿತ್ತು. ಕೈ ನಿಲ್ಲಿಸಿ ಕೇಳಿದಳು, "ಆಯಿ, ಇದೆಷ್ಟನೇದು?" ಮತ್ತೆ ಹಾಕಿ ಎಣಿಸಿದಳು. ಮೂವತ್ತು ಮುಗಿದ ಮೇಲೆ ಮತ್ತೆ ಕೂಡುತ್ತದೆ. ಅವಳದು ಐದು ಸುತ್ತು, ನನ್ನದು ಮೂರು. ಅದಾದ ಮೇಲೆ ಏಳು ಅಕ್ಷರದ ತ್ರಿವುಡೆಯನ್ನು ರೂಪಕದ ಜೊತೆ ತಾನೇ ಹಾಕಿ ನೋಡಿದಳು, ಎಲ್ಲಿಯೂ ಬೇಗ ಕೂಡಲಿಲ್ಲ. 42ರವರೆಗೆ ಹೋಗಬೇಕಾಯಿತು. "ಇವೆರಡಕ್ಕೂ ಏನೂ ಸಂಬಂಧ ಇಲ್ಲ ಅಲ್ವಾ, ಅದಕ್ಕೇ" ಎಂದಳು. ಸಾಮಾನ್ಯ ಅಪವರ್ತನ ಇಲ್ಲ ಎಂದು ಪುಸ್ತಕ ಹೇಳುವುದು ಅದನ್ನೇ.

ಇದೆಲ್ಲ ನಡೆಯುವಾಗ ಮಗ ಮನೆಯಲ್ಲಿ ಇರುವುದಿಲ್ಲ. ಚಪ್ಪಾಳೆ, ತಾಳ ಅವನಿಗೆ ಆಗದು. ಅವನು ಹೊಳೆಯ ಕಡೆ ಇರುತ್ತಾನೆ.

ನಮ್ಮ ಮನೆ ಅಘನಾಶಿನಿ ಅಳಿವೆಯ ಹತ್ತಿರ. ಶಿರಸಿ ಕಡೆ ಹುಟ್ಟಿ, ಒಂದೂ ಅಣೆಕಟ್ಟು ಕಾಣದೆ ಕೆಳಗಿಳಿದು ಬರುವ ಹೊಳೆ. ತದಡಿ ಹತ್ತಿರ ಸಮುದ್ರ ಸೇರುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ ಸಿಕ್ಕಿತು. ನಮಗೆ ಅದು ಸುಮ್ನೆ ಹೊಳೆ. ಇಳಿತದ ಹೊತ್ತಿಗೆ ನಡುವಿನ ದಿಬ್ಬಗಳು ಎದ್ದು ಬರುತ್ತವೆ. ಹೆಂಗಸರು ಬುಟ್ಟಿ ಹಿಡಿದು ಬಳಚು, ಅಂದರೆ ಚಿಪ್ಪಿನ ಜೀವಿ ಆರಿಸಲು ಇಳಿಯುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲಿನಲ್ಲೇ ಹುಡುಕುತ್ತಾರೆ. ಅವರಲ್ಲಿ ನಮ್ಮ ಪಕ್ಕದ ಕೇರಿಯ ಒಬ್ಬ ಅಕ್ಕ ಇದ್ದಾರೆ. ಮಗನ ದೊಡ್ಡ ಟೀಚರು ಅವರೇ ಅಂದರೆ ಜಾಸ್ತಿ ಆಗಲಿಕ್ಕಿಲ್ಲ.

ಅವನಿಗೆ ದಿನದ ಕ್ರಮ ಬದಲಾದರೆ ಸಹಿಸಲು ಆಗುವುದಿಲ್ಲ. ಊಟ ಹತ್ತು ನಿಮಿಷ ತಡ ಆದರೂ ಕಣ್ಣಲ್ಲಿ ನೀರು. ಹೊಳೆಗೆ ಹೋಗುವುದು ಅವನಿಗೆ ಇಷ್ಟ, ಆದರೆ ನಿನ್ನೆ ಹೋದ ಹೊತ್ತಿಗೆ ಇವತ್ತು ಹೋದರೆ ದಿಬ್ಬ ಕಾಣುವುದಿಲ್ಲ. ಮೊದಮೊದಲು ಅದಕ್ಕೂ ಅಳು. ಆಗ ಆ ಅಕ್ಕ ಹೇಳಿದರು, "ತಮ್ಮಾ, ನೀರಿಗೂ ಲೆಕ್ಕ ಉಂಟು. ದಿನಕ್ಕೆ ಮುಕ್ಕಾಲು ಗಂಟೆ ಹಿಂದೆ ಬೀಳ್ತದೆ." ಅವನು ಬರೆದಿಡಲು ಶುರು ಮಾಡಿದ. ದಿನಕ್ಕೆ ಎರಡು ಭರತ, ಎರಡು ಇಳಿತ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜೋರು, ದಿಬ್ಬ ದೊಡ್ಡದು. ಅಷ್ಟಮಿ ಸುತ್ತಮುತ್ತ ಹತ್ತಿದ್ದೂ ಕಡಿಮೆ, ಇಳಿದದ್ದೂ ಕಡಿಮೆ. ಬದಲಾವಣೆಗೂ ಒಂದು ನಿಯಮ ಇರುತ್ತದೆ ಎಂಬುದು ಅವನಿಗೆ ದೊಡ್ಡ ಸಮಾಧಾನ ಕೊಟ್ಟಿತು. ಇವತ್ತು ನಿನ್ನೆಯ ಹಾಗೆ ಇಲ್ಲ, ಆದರೆ ಇವತ್ತು ಹೇಗೆ ಎಂದು ನಿನ್ನೆಯೇ ಹೇಳಬಹುದು. ಆಮೇಲೆ ಅವನ ದಿನಚರಿಯ ಹಲಗೆಯಲ್ಲಿ ನಾನೂ ಹಾಗೇ ಬರೆಯಲು ಶುರು ಮಾಡಿದೆ. ನಾಳೆ ನೆಂಟರು ಬರುತ್ತಾರೆ, ಊಟ ಅರ್ಧ ಗಂಟೆ ಹಿಂದೆ. ಮೊದಲೇ ಬರೆದರೆ ಒಪ್ಪುತ್ತಾನೆ.

ಬರೆದಿಟ್ಟ ಪುಸ್ತಕ ಹಿಡಿದು ಒಂದು ದಿನ ಬಳಚಿನ ಅಕ್ಕನ ಹತ್ತಿರ ಜಗಳಕ್ಕೇ ಹೋದ. ಮುಕ್ಕಾಲು ಗಂಟೆ ಅಂದರೆ 45 ನಿಮಿಷ. ಅವನ ಲೆಕ್ಕದಲ್ಲಿ ಸುಮಾರು 50 ಬರುತ್ತಿತ್ತು. ಅವನೇ ಸರಿ. ಚಂದ್ರ ದಿನಕ್ಕೆ ಅಷ್ಟು ತಡವಾಗಿ ಬರುತ್ತಾನೆ, ಅದಕ್ಕೇ ನೀರೂ ತಡ. "ನಿಮ್ಮ ಲೆಕ್ಕ ತಪ್ಪು. ಅಮಾವಾಸ್ಯೆಯಿಂದ ದಿನಾ ಐದು ನಿಮಿಷ ಸೇರಿ ಸೇರಿ ಹುಣ್ಣಿಮೆ ಬರುವಾಗ ಒಂದು ಗಂಟೆಗಿಂತ ಜಾಸ್ತಿ ವ್ಯತ್ಯಾಸ ಆಗ್ತದೆ" ಎಂದ. ಅವರು ಬಳಚು ತೊಳೆಯುತ್ತ ಕೂತಿದ್ದರು. "ಹುಣ್ಣಿಮೆ ಬಂದಾಗ ನೀರು ನೋಡಿ ಸರಿ ಮಾಡ್ಕೊಳ್ತೆ ತಮ್ಮಾ. ನಾ ಇಡೀ ವರ್ಷದ್ದು ಒಮ್ಮೆಗೇ ಲೆಕ್ಕ ಹಾಕೂದಿಲ್ಲ" ಎಂದರು. ಅವನು ಸ್ವಲ್ಪ ಹೊತ್ತು ನಿಂತ. ಎರಡೂ ಲೆಕ್ಕವನ್ನು ಪುಸ್ತಕದಲ್ಲಿ ಅಕ್ಕಪಕ್ಕ ಬರೆದ. ಒಂದರ ಮೇಲೆ "ಚಂದ್ರನ ಲೆಕ್ಕ", ಇನ್ನೊಂದರ ಮೇಲೆ "ಅಕ್ಕನ ಲೆಕ್ಕ". ಯಾವುದನ್ನೂ ಹೊಡೆದು ಹಾಕಲಿಲ್ಲ. ಒಂದೇ ಸರಿ ಉತ್ತರ ಬೇಕು ಎಂದು ಕೂರುವ ಹುಡುಗ ಹಾಗೆ ಬರೆದದ್ದು ನೋಡಿ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ.

ಬೇಸಿಗೆಯಲ್ಲಿ ಇವೆಲ್ಲ ಸಲೀಸು. ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಇಬ್ಬರನ್ನೂ ಕರೆದುಕೊಂಡು ಹೋಗಬಹುದು. ಬಯಲು ದೊಡ್ಡದು, ಸದ್ದು ಗಾಳಿಯಲ್ಲಿ ಹೋಗಿಬಿಡುತ್ತದೆ. ಮನೆಗೆ ಬಂದು ಒಂದು ಲೀಟರ್ ಸಮುದ್ರದ ನೀರು ಕುದಿಸಿ ಆರಿಸಿದರೆ ಸುಮಾರು 35 ಗ್ರಾಂ ಉಪ್ಪು ಉಳಿಯುತ್ತದೆ. ಅದನ್ನು ತೂಗುವುದು ಅಕ್ಕ, ಬರೆದುಕೊಳ್ಳುವುದು ತಮ್ಮ. 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಇದೇ ಉಪ್ಪಿಗಾಗಿ ಜನ ಜೈಲಿಗೆ ಹೋದ ಕತೆ ಹೇಳಿದರೆ ಮಗಳು ಒಂದು ವಿವರ ಮರೆಯುವುದಿಲ್ಲ. ಮಗ ಕೇಳುವುದು, ಅವರು ತಂದ ಉಪ್ಪು ಎಷ್ಟು ಕಿಲೋ ಎಂದು.

ಜೂನ್ ಬಂದರೆ ಎಲ್ಲ ಬದಲು. ನಮ್ಮ ಕರಾವಳಿಯ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡುವ ಹಾಗಿಲ್ಲ. ಆಟ ಇಲ್ಲ, ಆಗರ ಇಲ್ಲ. ಇಬ್ಬರೂ ಇಡೀ ದಿನ ಒಂದೇ ಸೂರಿನಡಿ. ಮೊದಲ ಮಳೆಗಾಲ ನೆನೆದರೆ ಈಗಲೂ ಎದೆ ಭಾರ. ಆದರೆ ಆ ಮಳೆಗಾಲದಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಂಚಿನ ಮೇಲೆ ಮಳೆ ಒಂದೇ ಸಮ ಹೊಯ್ಯುವಾಗ ಮಗ ಶಾಂತ. ಆ ಸದ್ದಿಗೆ ಏರಿಳಿತ ಇಲ್ಲ, ಅದು ಬಾಕಿ ಸದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಅದೇ ಹೊತ್ತಿಗೆ ಮಗಳು ಕಷ್ಟಪಡುತ್ತಾಳೆ, ತನ್ನ ದನಿ ತನಗೇ ಕೇಳಿಸುವುದಿಲ್ಲ. ಅಂದರೆ ಮಳೆಗಾಲದಲ್ಲಿ ಅವರಿಬ್ಬರ ಅಗತ್ಯ ಅದಲು ಬದಲಾಗುತ್ತದೆ. ಜೋರು ಮಳೆ ಬಂದರೆ ಅವಳಿಗೆ ಓದು ಇಲ್ಲ, ಕೈಕೆಲಸ. ಚಿತ್ರ, ನಕ್ಷೆ, ರಟ್ಟಿನಲ್ಲಿ ಅಳಿವೆ ಬದಿಯ ಗಜನಿ ಗದ್ದೆಯ ಕಟ್ಟೆ, ಉಪ್ಪುನೀರು ತಡೆಯುವ ಕಗ್ಗ ಭತ್ತ ಎಲ್ಲಿ ಬೆಳೆಯುತ್ತಾರೆ, ನೀರು ಎಲ್ಲಿಂದ ಒಳಗೆ ಬರುತ್ತದೆ, ಇಂಥವು. ಆಗ ಅವನು ಗಟ್ಟಿಯಾಗಿ ಓದುತ್ತಾನೆ. ಹೌದು, ಅವನೇ. ಮಳೆ ಸದ್ದಿನೊಳಗೆ ಅವನ ದನಿ ಅವನಿಗೆ ತೊಂದರೆ ಮಾಡುವುದಿಲ್ಲ. ಅಕ್ಕನ ಪಕ್ಕದಲ್ಲೇ ಕೂತು ಅವಳ ಸಮಾಜ ಪಾಠ ಓದಿ ಹೇಳುತ್ತಾನೆ. ಒಂದೇ ರಾಗ, ಪೂರ್ಣವಿರಾಮ ಕೂಡ ಬಿಡುವುದಿಲ್ಲ.

ಇದನ್ನು ಕೇಳಿದವರು ಎಷ್ಟು ಚೆಂದ ಅನ್ನುತ್ತಾರೆ. ಚೆಂದವೇ. ಆದರೆ ಅದರ ಕೆಳಗೆ ಒಂದು ನೋವೂ ಇದೆ. ನಾಲ್ಕು ವರ್ಷ ಚಿಕ್ಕ ತಮ್ಮ ತನಗೆ ಓದಿ ಹೇಳುವುದು ಯಾವ ಅಕ್ಕನಿಗೂ ಸುಲಭ ಅಲ್ಲ. ನೆಂಟರೊಬ್ಬರು ಅವಳೆದುರೇ ಹೇಳಿದ್ದರು, "ತಮ್ಮನೇ ಓದ್ತಾನೆ, ನಿಂಗೆ ಎಂಥ ಆಯ್ತೆ?" ಅವಳು ಏನೂ ಹೇಳದೆ ಒಳಗೆ ಹೋದಳು. ಅವತ್ತಿನಿಂದ ಎಷ್ಟೋ ದಿನ ಅವನು ಓದಲು ಕೂತರೆ ಎದ್ದು ಹೋಗುತ್ತಿದ್ದಳು. ಸಮಾಧಾನದ ಮಾತು ಅವಳಿಗೆ ಹಿಡಿಸುತ್ತಿರಲಿಲ್ಲ. ದಾರಿ ಸಿಕ್ಕಿದ್ದು ಕತೆಯಿಂದ. ಅವನು ಕತೆಯನ್ನು ಓದುತ್ತಾನೆ, ಆದರೆ ಒಬ್ಬ ಸುಳ್ಳು ಹೇಳುತ್ತಿದ್ದಾನೆ, ಇನ್ನೊಬ್ಬಳು ಸಿಟ್ಟನ್ನು ನುಂಗಿಕೊಂಡಿದ್ದಾಳೆ ಎಂಬುದು ಅವನಿಗೆ ಹೊಳೆಯುವುದಿಲ್ಲ. ಬರೆದದ್ದನ್ನು ಬರೆದಷ್ಟೇ ತಿಳಿಯುತ್ತಾನೆ. "ಬಾಗಿಲ ಹಿಂದೆ ನಿಂತಿದ್ದು ಯಾಕೆ?" ಎಂದು ಕೇಳಿದ. ಅವಳು ಕೈಲಿದ್ದ ಬಣ್ಣ ಕೆಳಗಿಟ್ಟು, "ಅವಳಿಗೆ ಹೆದರಿಕೆ ಆಗಿದೆ ಮಾರಾಯ, ಬೇರೆಯವರಿಗೆ ಗೊತ್ತಾಗಬಾರದು ಅಂತ ನಿಂತಿದ್ದಾಳೆ" ಎಂದು ವಿವರಿಸಿದಳು. ಪುಟ ಪುಟಕ್ಕೂ ಅವನು ಕೇಳಿದ, ಅವಳು ಹೇಳಿದಳು. ಅದಾದ ಮೇಲೆ ಎದ್ದು ಹೋಗುವುದು ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ. ಈಗಲೂ ಕೆಲವು ದಿನ ಅವನು ಓದುವುದು ಅವಳಿಗೆ ಬೇಡ. ಅಂಥ ದಿನ ನಾನೇ ಓದುತ್ತೇನೆ.

ಶಾಲೆಗಿಂತ ಮನೆಯೇ ಮೇಲು ಎಂದು ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಸಂಬಳ ಬರುತ್ತದೆ, ನಾನು ದಿನವಿಡೀ ಮನೆಯಲ್ಲಿರಲು ಆಗುತ್ತದೆ. ಬಳಚು ಆರಿಸುವ ಅಕ್ಕನ ಮೊಮ್ಮಗನಿಗೂ ಓದಲು ಕಷ್ಟ. ಅವನಿಗೆ ಈ ಅನುಕೂಲ ಇಲ್ಲ. ಅವನಿಗೆ ಶಾಲೆಯೇ ಗತಿ, ಶಾಲೆಯೇ ಹಕ್ಕು. ಅದಕ್ಕೇ ನನ್ನ ಆಸೆ ಇರುವುದು ನಾಲ್ಕನೇ ತರಗತಿಯ ಮೇಲೆ. ಏಣಿ ಮೂರನೇ ತರಗತಿಗೇ ಯಾಕೆ ಮುಗಿಯಬೇಕು? ಗಟ್ಟಿಯಾಗಿ ಓದಬೇಕಾದ ಮಗುವಿಗೆ ಒಂದು ಮೂಲೆ, ಸದ್ದು ತಡೆಯಲಾರದ ಮಗುವಿಗೆ ಇನ್ನೊಂದು ಮೂಲೆ, ಇಷ್ಟು ಒಂದು ಶಾಲೆಯಲ್ಲಿ ಮಾಡಲು ಆಗದ್ದು ಏನಲ್ಲ. ನಾವು ಮೂರು ಕೋಣೆಯ ಮನೆಯಲ್ಲೇ ಮಾಡಿಕೊಂಡಿದ್ದೇವೆ. ಗೆಳೆಯರ ವಿಷಯದಲ್ಲಂತೂ ಮನೆ ಸೋಲುತ್ತದೆ. ತಾಳದ ತರಗತಿಯಲ್ಲಿ ಮಗಳಿಗೆ ಇಬ್ಬರು ಗೆಳತಿಯರು ಸಿಕ್ಕಿದ್ದಾರೆ, ಅವರು ಶಾಲೆಯ ಸುದ್ದಿ ಹೇಳುವಾಗ ಅವಳು ಬರೀ ಕೇಳುತ್ತಾಳೆ. ಮಗನಿಗೆ ಗೆಳೆಯರು ಬೇಕು ಅನಿಸಿದ ಹಾಗೆ ಕಾಣುವುದಿಲ್ಲ. ಮುಂದೆ ಅನಿಸಬಹುದು.

ಬರುವ ವರ್ಷ ಮಗಳಿಗೆ 14 ತುಂಬುತ್ತದೆ. ಎನ್‌ಐಒಎಸ್ ಹತ್ತನೇ ತರಗತಿಗೆ ಹೆಸರು ಹಚ್ಚಲು ಅಷ್ಟು ವಯಸ್ಸು ಸಾಕು. ಐದು ವಿಷಯ ಆರಿಸಿಕೊಳ್ಳಬೇಕು. ಐದು ವರ್ಷದೊಳಗೆ ಒಂದೊಂದಾಗಿ ಬೇಕಾದರೂ ಮುಗಿಸಬಹುದು, ಒಂಬತ್ತು ಅವಕಾಶ ಇರುತ್ತದೆ. ಪ್ರಮಾಣಪತ್ರ ಇದ್ದವರಿಗೆ ಗಂಟೆಗೆ 20 ನಿಮಿಷ ಹೆಚ್ಚು ಸಮಯ, ಬರೆಯಲು ಕಷ್ಟ ಇದ್ದರೆ ಬರೆದುಕೊಡುವವರು. ಪೇಂಟಿಂಗ್ ಕೂಡ ಒಂದು ವಿಷಯ ಎಂದು ಗೊತ್ತಾದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಅದಕ್ಕೂ ಅಂಕ ಕೊಡ್ತಾರಾ?" ಕೊಡುತ್ತಾರೆ. ಅದನ್ನು ಮೊದಲು ಕಟ್ಟುವುದು ಎಂದು ತೀರ್ಮಾನವಾಗಿದೆ. ಗಣಿತ ಎರಡನೆಯದು. ಭಾಷೆ ಕೊನೆಗೆ, ಆರಾಮಾಗಿ.

ಪರೀಕ್ಷೆಗೆ ಓದಬೇಕು ಅಂದರೆ ಗಟ್ಟಿ ಓದು ಇನ್ನೂ ಜಾಸ್ತಿ ಆಗುತ್ತದೆ. ಹಸು ಕೊಟ್ಟ ಮೇಲೆ ಹಿತ್ತಲ ಕೊಟ್ಟಿಗೆ ಖಾಲಿ ಬಿದ್ದಿದೆ. ಮಳೆಗಾಲದ ಮೊದಲು ಅದರ ಹೆಂಚು ತಿರುವಿ, ನೆಲ ಸಾರಿಸಿ, ಒಂದು ಮೇಜು ಹಾಕಿದರೆ ಅವಳು ಮನಸ್ಸು ಬಂದಷ್ಟು ಗಟ್ಟಿಯಾಗಿ ಓದಬಹುದು ಎಂಬುದು ನಮ್ಮ ಯೋಚನೆ. ನಮ್ಮನೆಯವರು ಮೊನ್ನೆ ಹೆಂಚು ಎಣಿಸಿ ಬಂದರು. ಆದರೆ ಮಗನೂ ಅಳತೆ ಪಟ್ಟಿ ತೆಗೆದುಕೊಂಡು ಹೋಗಿ ಕೊಟ್ಟಿಗೆಯ ಉದ್ದ, ಅಗಲ ಬರೆದುಕೊಂಡಿದ್ದಾನೆ. ಅಕ್ಕ ಮನೆಯಲ್ಲೇ ಓದಲಿ, ಕೊಟ್ಟಿಗೆ ತನಗೆ ಬೇಕು ಎನ್ನುತ್ತಾನೆ. ಅಲ್ಲಿ ಕುಕ್ಕರಿನ ಸೀಟಿ ಕೇಳುವುದಿಲ್ಲವಂತೆ. ಅವನ ಮಾತಿನಲ್ಲೂ ನ್ಯಾಯ ಇದೆ. ಇಬ್ಬರೂ ಬಿಟ್ಟುಕೊಡುವವರಲ್ಲ, ಈ ವಾರ ಕೂತು ಮಾತಾಡಬೇಕು.